ಮುಖ್ಯ ಪಾತ್ರಗಳನ್ನೇ ಯಾಕೆ ಸಾಯಿಸ್ತಾರೆ?

ದಪ್ಪ ದಪ್ಪ ಫ್ಯಾಂಟಸಿ ಸರಣಿಗಳನ್ನು ಓದುವ ಚಟ ಇದೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ತಪ್ಪದೇ ಬರುತ್ತದೆ. "ಅಲ್ಲ, ಅಷ್ಟೊಂದು ಪುಟ ಓದಿಸಿ, ಒಬ್ಬನ ಮೇಲೆ ಪ್ರೀತಿ ಹುಟ್ಟಿಸಿ, ಆಮೇಲೆ ಅವನ ಕತ್ತು ಹಾರಿಸ್ತಾರಲ್ಲ, ಯಾಕೆ? ಸುಮ್ನೆ ನಮ್ಮನ್ನ ಅಳಿಸೋಕಾ?" ಕೆಲವರಂತೂ ತೀರ್ಪನ್ನೇ ಕೊಟ್ಟುಬಿಡುತ್ತಾರೆ: ಮುಂದೇನು ಬರೆಯಬೇಕೆಂದು ತೋಚದಿದ್ದಾಗ ಲೇಖಕರು ಯಾರನ್ನಾದರೂ ಕೊಲ್ಲುತ್ತಾರಂತೆ.

ಉತ್ತರಕ್ಕೆ ಮೊದಲು ಒಂದು ಎಚ್ಚರಿಕೆ. ಯಾರು ಯಾರು ಸಾಯುತ್ತಾರೆ ಅಂತ ಹೆಸರು ಹಿಡಿದೇ ಹೇಳುತ್ತೇನೆ. 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್', 'ದ ವೀಲ್ ಆಫ್ ಟೈಮ್', ಮಲಾಜನ್ ಸರಣಿ, 'ದ ಲಾರ್ಡ್ ಆಫ್ ದ ರಿಂಗ್ಸ್' ಮುಂದೆ ಓದಬೇಕೆಂದಿರುವವರು ಇಲ್ಲೇ ನಿಲ್ಲಿಸಿ. ಮಹಾಭಾರತಕ್ಕೆ ಸ್ಪಾಯ್ಲರ್ ಎಚ್ಚರಿಕೆ ಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಅಲ್ಲಿಂದಲೇ ಶುರು ಮಾಡೋಣ. ಅಭಿಮನ್ಯು 13ನೇ ದಿನ ಸಾಯುತ್ತಾನೆ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ ಆ ಭಾಗ ಬಂದಾಗ ಹೊಟ್ಟೆ ಕಿವುಚುತ್ತದೆ. ಅಂದಮೇಲೆ ಅನಿರೀಕ್ಷಿತವಾಗಿ ಬಂದಿದ್ದಕ್ಕೇ ಸಾವು ತಟ್ಟುತ್ತದೆ ಅನ್ನುವ ಮಾತು ಅಷ್ಟು ನಿಜವಲ್ಲ. ಇನ್ನು ಆ ಸಾವು ಮುಂದೆ ಏನೇನು ಮಾಡಿಸುತ್ತದೆ ನೋಡಿ. ಮಗ ಸತ್ತಿದ್ದಕ್ಕೆ ಅರ್ಜುನ ಶಪಥ ಮಾಡುತ್ತಾನೆ: ನಾಳೆ ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲುತ್ತೇನೆ, ಇಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ. 14ನೇ ದಿನ ಆ ಶಪಥದ ಕಾವಿನಲ್ಲೇ ಯುದ್ಧ ಕತ್ತಲಾದರೂ ನಿಲ್ಲುವುದಿಲ್ಲ. ರಾತ್ರಿ ಯುದ್ಧ ಅಂದರೆ ರಾಕ್ಷಸರ ಬಲ ಹೆಚ್ಚುವ ಹೊತ್ತು. ಘಟೋತ್ಕಚ ಕೌರವರ ಸೈನ್ಯವನ್ನು ಅರೆದುಹಾಕುತ್ತಾನೆ. ತಡೆಯಲಾರದೆ ಕರ್ಣ, ಅರ್ಜುನನಿಗಾಗಿ ಎತ್ತಿಟ್ಟುಕೊಂಡಿದ್ದ, ಒಂದೇ ಸಲ ಬಳಸಬಹುದಾದ ಇಂದ್ರನ ಶಕ್ತಿಯನ್ನು ಅವನ ಮೇಲೆ ಬಿಡುತ್ತಾನೆ. ಪಾಂಡವರು ಅಳುತ್ತಿರುವಾಗ ಕೃಷ್ಣ ಮಾತ್ರ ಸಂತೋಷದಿಂದ ಕುಣಿಯುತ್ತಾನೆ. 17ನೇ ದಿನ ಕರ್ಣನ ಕೈಯಲ್ಲಿ ಆ ಆಯುಧ ಇರುವುದಿಲ್ಲ.

ಅಭಿಮನ್ಯುವಿನಿಂದ ಕರ್ಣನವರೆಗೆ ಒಂದೊಂದು ಸಾವೂ ಮುಂದಿನ ಸಾವಿಗೆ ದಾರಿ ಮಾಡಿದೆ. ನನ್ನ ಉತ್ತರ ಹೆಚ್ಚುಕಡಿಮೆ ಇಷ್ಟೇ. ಉದ್ದದ ಕಥೆಯಲ್ಲಿ ಮುಖ್ಯ ಪಾತ್ರವೊಂದು ಸತ್ತಾಗ ನಾನು ನೋಡುವುದು ಸತ್ತ ಪುಟವನ್ನಲ್ಲ, ಅದಾದ ಮೇಲಿನ ಇನ್ನೂರು ಪುಟವನ್ನು. ಆ ಮನುಷ್ಯ ಬದುಕಿದ್ದಿದ್ದರೆ ಆಗಲು ಸಾಧ್ಯವೇ ಇಲ್ಲದ್ದೇನಾದರೂ ಅಲ್ಲಿ ಆಯಿತಾ? ಆಗಿದ್ದರೆ ಲೇಖಕರ ಮೇಲೆ ನನ್ನ ಸಿಟ್ಟಿಲ್ಲ.

ಜಾಸ್ತಿ ಜನ ಈ ಪ್ರಶ್ನೆ ಕೇಳುವುದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾರಣಕ್ಕೆ. 1996ರಲ್ಲಿ ಬಂದ 'ಎ ಗೇಮ್ ಆಫ್ ಥ್ರೋನ್ಸ್' ('ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಮೊದಲನೆಯದು) ಪುಸ್ತಕದಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದ ನಡೆಯುತ್ತದೆ, ತಲೆಬರಹವೂ ಆ ಪಾತ್ರದ ಹೆಸರೇ. ಮೊದಲ ಪೀಠಿಕೆ ಬಿಟ್ಟರೆ 72 ಅಧ್ಯಾಯ. ಅದರಲ್ಲಿ 15 ಉತ್ತರ ನಾಡಿನ ದೊರೆ, ರಾಜನ ಮಂತ್ರಿಯಾಗುವ ನೆಡ್ ಸ್ಟಾರ್ಕ್‌ನದು. ಬೇರೆ ಯಾರಿಗೂ ಅಷ್ಟಿಲ್ಲ. ಓದುಗರು ಇವನೇ ಹೀರೋ ಅಂತ ನಂಬದೆ ಇನ್ನೇನು ಮಾಡಬೇಕು? ಅಂಥವನ ತಲೆ ಪುಸ್ತಕ ಮುಗಿಯುವ ಮೊದಲೇ ಉರುಳುತ್ತದೆ. ಅದೂ ಅವನ ಅಧ್ಯಾಯದಲ್ಲಲ್ಲ, ಚಿಕ್ಕ ಮಗಳು ಆರ್ಯಾಳ ಅಧ್ಯಾಯದಲ್ಲಿ. ಗುಂಪಿನ ನಡುವೆ ಒಬ್ಬ ಅವಳನ್ನು ಹಿಡಿದುಕೊಂಡು, ನೋಡಬೇಡ ಅನ್ನುತ್ತಾನೆ. ನಮಗೂ ಕೇಳಿಸುವುದು ಜನರ ಸದ್ದು ಅಷ್ಟೇ.

ಈಗ ನೆಡ್ ಬದುಕಿದ್ದ ಅಂತ ಇಟ್ಟುಕೊಳ್ಳಿ. ರಾಜದ್ರೋಹದ ತಪ್ಪೊಪ್ಪಿಕೊಂಡು, ರಾಜ್ಯದ ಉತ್ತರದ ಗಡಿಯಲ್ಲಿರುವ ಗೋಡೆ ಕಾಯಲು ಹೋಗುತ್ತಿದ್ದ. ಒಪ್ಪಂದವೂ ಹಾಗೇ ಇತ್ತು. ಮಗ ರಾಬ್‌ಗೆ ರಾಜಿ ಮಾಡಿಕೊಳ್ಳಲು ಒಂದು ದಾರಿ ಇರುತ್ತಿತ್ತು. ಹುಡುಗ ರಾಜ ಜಾಫ್ರಿಯ ಒಂದು ಹುಚ್ಚಿನಿಂದ ಆ ದಾರಿ ಮುಚ್ಚುತ್ತದೆ. ಉತ್ತರದ ಸರದಾರರು ರಾಬ್‌ನನ್ನು ರಾಜ ಅಂತ ಘೋಷಿಸುತ್ತಾರೆ, ಆರ್ಯಾ ಬೀದಿಪಾಲಾಗುತ್ತಾಳೆ, ದೊಡ್ಡ ಮಗಳು ಸಾನ್ಸಾ ಒತ್ತೆಯಾಳಾಗುತ್ತಾಳೆ. ನನಗೆ ತುಂಬ ಇಷ್ಟವಾದ ವಿಷಯ ಬೇರೆ ಇದೆ. ಎರಡನೇ ಪುಸ್ತಕದಲ್ಲಿ ನೆಡ್ ಕೂತಿದ್ದ ಅದೇ ಮಂತ್ರಿ ಕುರ್ಚಿಗೆ ಜಾಫ್ರಿಯ ಸೋದರಮಾವ ಟಿರಿಯನ್ ಬಂದು ಕೂರುತ್ತಾನೆ. ಅದೇ ಊರು, ಅದೇ ಹಾವುಗಳು, ಬೇರೆ ತಲೆ. ನೆಡ್‌ನ ನೇರ ಬುದ್ಧಿ ಎಲ್ಲೆಲ್ಲಿ ಮುಗ್ಗರಿಸಿತ್ತೋ ಅಲ್ಲೆಲ್ಲ ಟಿರಿಯನ್‌ನ ವಕ್ರಬುದ್ಧಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಮಜಾ, ನೆಡ್ ಸಾಯದೆ ಸಿಗುತ್ತಿರಲಿಲ್ಲ.

"ಮಾರ್ಟಿನ್ ಪುಸ್ತಕದಲ್ಲಿ ಯಾರು ಬೇಕಾದರೂ ಸಾಯಬಹುದು" ಅನ್ನುವ ಮಾತಿದೆಯಲ್ಲ, ಅದು ಅರ್ಧ ಸತ್ಯ. 1993ರಲ್ಲಿ, ಇದಿನ್ನೂ ಮೂರು ಪುಸ್ತಕದ ಯೋಜನೆಯಾಗಿದ್ದಾಗ, ಅವರು ಬರೆದ ಒಂದು ಪತ್ರ ಆಮೇಲೆ ಹೊರಬಂತು. ಟಿರಿಯನ್, ಡನೇರಿಸ್, ಆರ್ಯಾ, ಬ್ರ್ಯಾನ್, ಜಾನ್ ಸ್ನೋ, ಈ ಐವರು ಮೂರೂ ಪುಸ್ತಕದಲ್ಲಿ ಉಳಿಯುತ್ತಾರೆ ಅಂತ ಅದರಲ್ಲಿದೆ. ಕಥೆ ಆ ಯೋಜನೆಯಿಂದ ಎಷ್ಟೋ ದೂರ ಬಂದಿದೆ. ಆದರೂ 2019ರಲ್ಲಿ ಮುಗಿದ ಟಿವಿ ಸರಣಿಯ ಕೊನೆಯಲ್ಲಿ ಆ ಐವರಲ್ಲಿ ನಾಲ್ವರು ಜೀವಂತ ಇದ್ದರು. ಅಂದರೆ ಸಾಯುವವರು ಯಾರು, ಹೊರೆ ಹೊತ್ತು ನಡೆಯುವವರು ಯಾರು ಅನ್ನುವುದು ಲೇಖಕರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ನಮಗೆ.

ರೆಡ್ ವೆಡ್ಡಿಂಗ್ ಬಗ್ಗೆ ಹೇಳದೆ ಮುಂದೆ ಹೋದರೆ ನೀವು ಬಿಡುವುದಿಲ್ಲ. 2000ರ 'ಎ ಸ್ಟಾರ್ಮ್ ಆಫ್ ಸೋರ್ಡ್ಸ್'ನಲ್ಲಿ ಮದುವೆ ಊಟದ ನಡುವೆ ರಾಬ್, ಅವನ ತಾಯಿ ಕ್ಯಾಟ್ಲಿನ್ ಮತ್ತು ಅವರ ಕಡೆಯವರನ್ನು ಕೊಲ್ಲುತ್ತಾರೆ. ಇದನ್ನು ಬರೆಯುವುದು ಎಷ್ಟು ಕಷ್ಟವಾಗಿತ್ತೆಂದರೆ, ಉಳಿದ ಪುಸ್ತಕ ಪೂರ್ತಿ ಮುಗಿಸಿ ಕೊನೆಗೆ ಈ ಭಾಗಕ್ಕೆ ಬಂದೆ ಅಂತ ಮಾರ್ಟಿನ್ ಅವರೇ ಹೇಳಿದ್ದಾರೆ. ಮೊದಲ ಸಲ ಓದುವಾಗ ಸಿಡಿಲು ಹೊಡೆದ ಹಾಗಾಗುತ್ತದೆ. ಎರಡನೇ ಸಲ ಓದಿ ನೋಡಿ. ಈ ಊಟ ಹಾಕಿದ ಆತಿಥೇಯರ ಮನೆಯ ಹುಡುಗಿಯನ್ನೇ ಮದುವೆಯಾಗುತ್ತೇನೆ ಅಂತ ಕೊಟ್ಟ ಮಾತು ಮುರಿದು ರಾಬ್ ಬೇರೆ ಹುಡುಗಿಯನ್ನು ಮದುವೆಯಾಗಿದ್ದಾನೆ. ತನ್ನದೇ ಕಡೆಯ ಸರದಾರನ ತಲೆ ಕಡಿದು ಸೈನ್ಯ ಕಳೆದುಕೊಂಡಿದ್ದಾನೆ. ಒಳಗೆ ಹೋದ ಕೂಡಲೇ ರೊಟ್ಟಿ, ಉಪ್ಪು ಕೇಳಿ ತಿನ್ನು ಅಂತ ತಾಯಿ ಎಚ್ಚರಿಸುತ್ತಾಳೆ. ಉಪ್ಪು ತಿಂದವರಿಗೆ ದ್ರೋಹ ಮಾಡಬಾರದು ಅನ್ನುವುದು ಅಲ್ಲಿನ ನಿಯಮ. ಕೊನೆಗೆ ಅವಳು ಆತಿಥೇಯರ ಕಡೆಯ ಒಬ್ಬನ ತೋಳು ಹಿಡಿದಾಗ ರೇಷ್ಮೆ ತೋಳಿನ ಕೆಳಗೆ ಕಬ್ಬಿಣದ ಬಳೆಗಳ ಕವಚ ಕೈಗೆ ತಾಕುತ್ತದೆ. ಅಲ್ಲಿಗೆ ಅವಳಿಗೆ ಅರ್ಥವಾಗುತ್ತದೆ, ನಮಗೂ.

ಇನ್ನೊಂದು ಸುಳಿವು ಪುಸ್ತಕದ ರಚನೆಯಲ್ಲೇ ಇದೆ. ರಾಬ್ ರಾಜನಾದರೂ ಅವನ ಹೆಸರಿನ ಒಂದೇ ಒಂದು ಅಧ್ಯಾಯ ಇಲ್ಲ! ಅವನ ಯುದ್ಧದ ಕಥೆಯೆಲ್ಲ ನಮಗೆ ಬರುವುದು ಹೆಚ್ಚಾಗಿ ತಾಯಿಯ ಕಣ್ಣಿನಿಂದ.

ಸುಳಿವು ಬಿತ್ತುವುದರಲ್ಲಿ ನನಗೆ ಇದಕ್ಕಿಂತಲೂ ಇಷ್ಟವಾದದ್ದು ಸ್ಟೀವನ್ ಎರಿಕ್ಸನ್ ಅವರ ಮಲಾಜನ್ ಸರಣಿಯ ವಿಸ್ಕಿಜ್ಯಾಕ್‌ನ ಸಾವು. ವಯಸ್ಸಾದ ಸೈನಿಕ, ಎಲ್ಲರಿಗೂ ಬೇಕಾದವನು. ಹಿಂದೆ ಮುರಿದ ಕಾಲು ಸರಿಯಾಗಿ ಕೂಡಿಲ್ಲ. ವಾಸಿ ಮಾಡುವ ಮಾಂತ್ರಿಕರು ಪಕ್ಕದಲ್ಲೇ ಇದ್ದಾರೆ. ಇವನು ಮಾತ್ರ, ಈಗ ಸಮಯ ಇಲ್ಲ, ಆಮೇಲೆ ನೋಡೋಣ ಅನ್ನುತ್ತಲೇ ಇರುತ್ತಾನೆ. ಮೂರನೇ ಪುಸ್ತಕ 'ಮೆಮೊರೀಸ್ ಆಫ್ ಐಸ್'ನ ಕೊನೆಯಲ್ಲಿ ಕ್ಯಾಲರ್ ಎಂಬ ದ್ರೋಹಿಯ ಜೊತೆ ಕತ್ತಿ ಕಾಳಗ. ಗೆಲ್ಲುವ ಹಂತದಲ್ಲಿ ಆ ಕಾಲು ಕೈಕೊಡುತ್ತದೆ, ಮುಗಿಯಿತು. ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವ ಜನರನ್ನು ಕಂಡಾಗೆಲ್ಲ ನನಗೆ ಇವನು ನೆನಪಾಗುತ್ತಾನೆ, ಅದಿರಲಿ. ಇಲ್ಲಿ ಲೇಖಕರ ಕೈ ಕಾಣುವುದಿಲ್ಲ. ಅವನ ಸ್ವಭಾವವೇ ಅವನನ್ನು ಕೊಂದಿತು ಅನ್ನಿಸುತ್ತದೆ.

ಹೀಗೆ ಕೊಂದಿದ್ದಕ್ಕೆ ಲೇಖಕರೂ ಬೆಲೆ ತೆರುತ್ತಾರೆ. ಒಂದು ಪಾತ್ರ ಹೋದರೆ ಅದರ ಜೊತೆ ಒಂದು ಕಣ್ಣೂ ಹೋಗುತ್ತದೆ. ಆ ಜಾಗದ ಸುದ್ದಿಯನ್ನು ಓದುಗರಿಗೆ ತಲುಪಿಸುವವರು ಯಾರೂ ಉಳಿಯುವುದಿಲ್ಲ. ರೆಡ್ ವೆಡ್ಡಿಂಗ್ ಆದಮೇಲೆ ಮಾರ್ಟಿನ್ ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸಬೇಕೆಂದಿದ್ದರು. ಅದು ಕೂಡಿಬರಲಿಲ್ಲ. ನಾಲ್ಕನೇ ಪುಸ್ತಕ ಬಂದಿದ್ದು 2005ರಲ್ಲಿ, ಐದನೆಯದು 2011ರಲ್ಲಿ. ಎರಡರಲ್ಲೂ ಹೊಸ ಹೊಸ ಪಾತ್ರಗಳ ಅಧ್ಯಾಯಗಳು. ಹಳಬರು ಖಾಲಿ ಮಾಡಿದ ಜಾಗ ತುಂಬಲು ಹೊಸಬರನ್ನು ಕರೆತರಬೇಕು, ಅವರನ್ನು ನಾವು ಹೊಸದಾಗಿ ಪ್ರೀತಿಸಬೇಕು. ಆ ಎರಡು ಪುಸ್ತಕ ಎಳೆದ ಹಾಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಆರನೆಯದಕ್ಕೆ ಇನ್ನೂ ಕಾಯುತ್ತಿದ್ದೇವೆ.

"ಸರಿ, ಆದರೆ ಸತ್ತವರು ವಾಪಸ್ ಬರ್ತಾರಲ್ಲ, ಅದು ಮೋಸ ಅಲ್ವಾ?" ಇದು ಮೇಲಿನ ಪ್ರಶ್ನೆಯ ತಮ್ಮ. 'ದ ಲಾರ್ಡ್ ಆಫ್ ದ ರಿಂಗ್ಸ್'ನ ಮಾಂತ್ರಿಕ ಗ್ಯಾಂಡಾಲ್ಫ್ ಮೋರಿಯಾ ಎಂಬ ನೆಲದಡಿಯ ಊರಿನಲ್ಲಿ ಬಿದ್ದು, ಮುಂದಿನ ಸಂಪುಟದಲ್ಲಿ ಬಿಳಿ ಬಟ್ಟೆಯಲ್ಲಿ ಎದ್ದು ಬರುತ್ತಾನೆ. ಅವನು ಸತ್ತೇ ಇರಬೇಕಿತ್ತು ಅನ್ನುವುದು ಮಾರ್ಟಿನ್ ಅಭಿಪ್ರಾಯ. ನಾನು ಒಪ್ಪುವುದಿಲ್ಲ. ಅವನು ಬರುವಷ್ಟರಲ್ಲಿ ಅವನ ಜೊತೆ ಹೊರಟಿದ್ದ ತಂಡ ಒಡೆದುಹೋಗಿದೆ, ಬೊರೊಮಿರ್ ಸತ್ತಿದ್ದಾನೆ, ಫ್ರೋಡೋ ಸ್ಯಾಮ್ ಜೊತೆ ಹೊರಟುಹೋಗಿದ್ದಾನೆ. ಅವನು ವಾಪಸ್ ಬಂದರೂ ಇದ್ಯಾವುದೂ ಸರಿಹೋಗುವುದಿಲ್ಲ. ಇನ್ನು ಮಾರ್ಟಿನ್ ಅವರೇನು ಕಡಿಮೆಯಾ? ಕ್ಯಾಟ್ಲಿನ್‌ಳನ್ನು ಎಬ್ಬಿಸಿ ತಂದವರು ಅವರೇ. ಎದ್ದು ಬಂದವಳಲ್ಲಿ ಸೇಡು ಬಿಟ್ಟು ಇನ್ನೇನೂ ಉಳಿದಿಲ್ಲ, ಅಷ್ಟೇ. ಟಿವಿಯವರು ಅವಳನ್ನು ಪೂರ್ತಿ ಕೈಬಿಟ್ಟರು. ನನಗೆ ಬೇಜಾರಾಗಿದ್ದು ಅದಕ್ಕೆ.

ರಾಬರ್ಟ್ ಜಾರ್ಡನ್ ಅವರ 'ವೀಲ್ ಆಫ್ ಟೈಮ್'ನಲ್ಲಿ ನಾಯಕ ರಾಂಡ್‌ಗೆ ದಾರಿ ತೋರಿಸುವ ಮಾಂತ್ರಿಕ ಹೆಂಗಸು ಮೊರೇನ್ 1993ರ ಐದನೇ ಪುಸ್ತಕದಲ್ಲಿ ಕಣ್ಮರೆಯಾಗುತ್ತಾಳೆ. ಎಲ್ಲರೂ ಅವಳು ಸತ್ತಳೆಂದೇ ತಿಳಿಯುತ್ತಾರೆ. ಮತ್ತೆ ಸಿಗುವುದು 2010ರಲ್ಲಿ ಬಂದ 13ನೇ ಪುಸ್ತಕದಲ್ಲಿ. ಹದಿನೇಳು ವರ್ಷ! ಅಷ್ಟೂ ಕಾಲ ರಾಂಡ್ ತನ್ನಿಂದಾಗಿ ಸತ್ತ ಹೆಂಗಸರ ಹೆಸರುಗಳನ್ನು ಮನಸ್ಸಿನಲ್ಲೇ ಪಠಿಸುತ್ತಾನೆ. ಅದರಲ್ಲಿ ಮೊರೇನ್ ಹೆಸರೂ ಇದೆ. ಆ ಪಟ್ಟಿ ಅವನನ್ನು ಕಲ್ಲು ಮಾಡುತ್ತಾ ಹೋಗುತ್ತದೆ. ಆಗದೇ ಇದ್ದ ಸಾವು ಕೂಡ ಕೆಲಸ ಮಾಡಿದೆ ನೋಡಿ.

ಅದೇ ಸರಣಿಯ ಕೊನೆಯ ಪುಸ್ತಕದ ಬಗ್ಗೆ ನನಗೆ ತಕರಾರಿದೆ. 2007ರಲ್ಲಿ ಜಾರ್ಡನ್ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಕಥೆ ಮುಗಿಸಿದರು. 13 ಪುಸ್ತಕಗಳಲ್ಲಿ ನಮಗೆ ಹತ್ತಿರದವರು ಹೆಚ್ಚುಕಡಿಮೆ ಎಲ್ಲರೂ ಕ್ಷೇಮ. 2013ರ 'ಎ ಮೆಮೊರಿ ಆಫ್ ಲೈಟ್'ನಲ್ಲಿ ಸಾಲುಸಾಲಾಗಿ ಬೀಳುತ್ತಾರೆ. ಗಂಡ ಸತ್ತ ಸ್ವಲ್ಪ ಹೊತ್ತಿಗೇ, ರಾಂಡ್‌ನ ಊರಿನವಳೇ ಆದ ಎಗ್ವೇನ್ ತನ್ನನ್ನೇ ಸುಟ್ಟುಕೊಂಡು ಯುದ್ಧದ ದಿಕ್ಕು ಬದಲಿಸುತ್ತಾಳೆ. ಆ ದೃಶ್ಯ ಅದ್ಭುತ. ಆದರೆ ಅವಳಿಲ್ಲದ ಲೋಕ ಹೇಗಿರುತ್ತದೆ ಅಂತ ತೋರಿಸಲು ಪುಟಗಳೇ ಉಳಿದಿಲ್ಲ. ಅಳಲು ಕೂಡ ಪುರುಸೊತ್ತಿಲ್ಲದೆ ಪುಸ್ತಕ ಮುಗಿದುಹೋಗುತ್ತದೆ. ಎರಡು ಪುಸ್ತಕ ಮೊದಲೇ ಅವಳು ಸತ್ತಿದ್ದರೆ ಕಥೆಗೆ ಒಳ್ಳೆಯದಿತ್ತು ಅಂತ ಹೇಳಿದರೆ ಅಭಿಮಾನಿಗಳು ಹೊಡೆಯಲು ಬರುತ್ತಾರೆ. ಬರಲಿ.

ನಾಯಕನಿಗೆ ರೋಷ ಬರಿಸಲು ಮೊದಲ ಅಧ್ಯಾಯದಲ್ಲೇ ಹೆಂಡತಿಯನ್ನೋ ತಂಗಿಯನ್ನೋ ಕೊಲ್ಲುವ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಹೆಂಗಸಿಗೆ ಹೆಸರು ಬಿಟ್ಟು ಬೇರೇನೂ ಕೊಟ್ಟಿರುವುದಿಲ್ಲ. ಅಂಥದ್ದು ಕಂಡರೆ ನಾನು ಪುಸ್ತಕ ಮುಚ್ಚಿಡುತ್ತೇನೆ.

ನೆಡ್ ಸತ್ತ ಪುಟಕ್ಕೇ ಪುಸ್ತಕ ಬಿಟ್ಟವರು ಕೊನೆಗೆ ಕೇಳುವುದು ಒಂದೇ: ಮುಂದೆ ಓದಲಾ, ಬೇಡವಾ? ಎರಡನೇ ಪುಸ್ತಕದಲ್ಲಿ ಟಿರಿಯನ್ ಆ ಕುರ್ಚಿಯಲ್ಲಿ ಕೂರುವವರೆಗಾದರೂ ಓದಿ ಅನ್ನುತ್ತೇನೆ. ಅಲ್ಲೂ ಹಿಡಿಸದಿದ್ದರೆ ಮಾರ್ಟಿನ್ ನಿಮಗಲ್ಲ. 'ವೀಲ್ ಆಫ್ ಟೈಮ್' ಹಿಡಿಯಿರಿ. ಕೊನೆಯ ಪುಸ್ತಕದವರೆಗೆ ಹೆಚ್ಚುಕಡಿಮೆ ನೆಮ್ಮದಿಯಾಗಿರಬಹುದು.