ಡೇಡಲಸ್ ಹಡಗಿನ ಹಾವಿಗೆ ಈಜುರೆಕ್ಕೆ ಇತ್ತೇ?

1848ರ ಆಗಸ್ಟ್ 6ರ ಸಂಜೆ, ಗುಡ್ ಹೋಪ್ ಭೂಶಿರಕ್ಕೂ ಸೇಂಟ್ ಹೆಲೆನಾಗೂ ನಡುವೆ ಬ್ರಿಟಿಷ್ ನೌಕಾಪಡೆಯ ಡೇಡಲಸ್ ಹಡಗಿನವರಿಗೆ ಸುಮಾರು 20 ನಿಮಿಷ ಕಂಡ, ‘ಕಡಲ ಹಾವು’ ಎಂದು ಹೆಸರಾದ ಪ್ರಾಣಿಯಿದು. ಕ್ಯಾಪ್ಟನ್ ಮೆಕ್ವೇ ವರದಿಯಂತೆ ನೀರಿನಿಂದ 4 ಅಡಿ ಮೇಲೆ ತಲೆ, ಹಿಂದೆ 60 ಅಡಿ ಮೈ, ತಲೆಯ ಹಿಂದಿನ ದಪ್ಪ 15-16 ಅಂಗುಲ, ಈಜುರೆಕ್ಕೆಯಿಲ್ಲ. ಮೈ ಬಳುಕಲೂ ಇಲ್ಲವಂತೆ. ಬಳುಕದೆ ಈಜುವ ಹಾವುಂಟೇ?

ಅಕ್ಟೋಬರ್‌ನಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಅಚ್ಚುಹಾಕಿದ ಚಿತ್ರಗಳಲ್ಲಿ ಅದು ಅಪ್ಪಟ ಹಾವೇ. ಆದರೆ ಅದೇ ಹಡಗಿನ ಲೆಫ್ಟಿನೆಂಟ್ ಡ್ರಮಂಡ್ ಬರೆದಿಟ್ಟದ್ದು ಬೇರೆ: ಚೂಪಾದ, ಮೇಲೆ ಚಪ್ಪಟೆಯಾದ 10 ಅಡಿ ತಲೆ, ಅದರಿಂದ 20 ಅಡಿ ಹಿಂದೆ ಬೆನ್ನಿನ ಈಜುರೆಕ್ಕೆ. ಪ್ರಾಣಿಗಳ ಅಂಗರಚನಾ ತಜ್ಞ ರಿಚರ್ಡ್ ಓವನ್ ಇದನ್ನು ಸೀಲ್ ಎಂಬ ಕಡಲ ಸಸ್ತನಿ ಎಂದರು. ಡ್ರಮಂಡ್ ಅಳತೆ ನೋಡಿದರೆ, ಬಾಯಿ ತೆರೆದು ಆಹಾರಕ್ಕಾಗಿ ಮೇಲ್ನೀರು ಸೋಸುತ್ತ ಸಾಗುವ ಸೇಯ್ ತಿಮಿಂಗಿಲವೇ ಹೆಚ್ಚು ಹೊಂದುತ್ತದೆ.