ಸಕ್ಕರೆ ಹಾಕಿದರೆ ಬಿಯರ್ ಸಿಹಿಯಾಗುವುದಿಲ್ಲ

ನಾನು ಇರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಮನೆಯಲ್ಲೇ ಬಿಯರ್ ಮಾಡುವವರಿಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿ ಕೊಡುವ ಹೂವು), ಯೀಸ್ಟ್ ಮಾರುವ ಅಂಗಡಿಯಲ್ಲಿ ಕೆಲಸ. ಸೇರಿದ ಮೊದಲ ಚಳಿಗಾಲದಲ್ಲಿ ಒಬ್ಬ ಗ್ರಾಹಕರಿಗೆ ಕೊಟ್ಟ ತಪ್ಪು ಸಲಹೆ ಇವತ್ತಿಗೂ ನೆನಪಿದೆ.

ಅವರು ಬೆಲ್ಜಿಯಂನ ಟ್ರಿಪೆಲ್ ಮಾದರಿಯ, ತಿಳಿ ಬಣ್ಣದ ಜೋರು ಬಿಯರ್ ಮಾಡಿದ್ದರು, 20 ಲೀಟರ್. ಗ್ರಾವಿಟಿ ಅಂದರೆ ರಸ ನೀರಿಗಿಂತ ಎಷ್ಟು ಗಟ್ಟಿ ಎಂಬ ಅಳತೆ; ಯೀಸ್ಟ್ ಸಕ್ಕರೆ ತಿಂದಂತೆ ಅದು ಇಳಿಯುತ್ತದೆ. ಶುರುವಿನಲ್ಲಿ ಅದು 1.080 ಇತ್ತು. ಅದು 1.024ಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಕುಡಿದರೆ ಶರಬತ್ತಿನ ಹಾಗೆ ನಾಲಿಗೆಗೆ ಅಂಟುತ್ತಿತ್ತು. ಅವರ ಪಟ್ಟಿಯಲ್ಲಿ 750 ಗ್ರಾಂ ಸಕ್ಕರೆ ಕಾಣಿಸಿತು. "ಸಕ್ಕರೆ ಬಿಡಿ, ಆ ಜಾಗಕ್ಕೂ ಮಾಲ್ಟೇ ಹಾಕಿ" ಅಂದೆ. ಸಿಹಿ ಜಾಸ್ತಿಯಾದರೆ ಸಕ್ಕರೆ ಕಡಿಮೆ ಮಾಡಬೇಕು ಅಲ್ವಾ? ಪಾಯಸಕ್ಕಾದರೆ ಈ ಲೆಕ್ಕ ಸರಿ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಈ ಸಲ 1.028. ಏಳು ಕಿಲೋ ಮಾಲ್ಟ್, ಅವರ ಒಂದು ಇಡೀ ಭಾನುವಾರ, ಎಲ್ಲ ನನ್ನ ಮಾತಿನಿಂದ ಹೋಯಿತು. ತುಂಬಾ ಬೇಜಾರಾಯಿತು.

ಅಂಗಡಿಯ ಹಿರಿಯರೊಬ್ಬರು ಕೂರಿಸಿಕೊಂಡು ಹೇಳಿಕೊಟ್ಟರು. ಮಾಲ್ಟ್‌ನಿಂದ ಬರುವ ರಸದಲ್ಲಿ ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ ಒಂದಷ್ಟು ಇದ್ದೇ ಇರುತ್ತದೆ. ಅದು ಬಿಯರ್‌ನಲ್ಲೇ ಉಳಿದು ಬಾಯಿಗೆ ದಪ್ಪ ಅನಿಸುತ್ತದೆ. ಸಕ್ಕರೆ ಹಾಗಲ್ಲ. ಯೀಸ್ಟ್ ಅದನ್ನು ಪೂರ್ತಿ ತಿಂದು ಆಲ್ಕೋಹಾಲ್ ಮಾಡುತ್ತದೆ, ಹಿಂದೆ ಏನೂ ಬಿಡುವುದಿಲ್ಲ. ವೆಸ್ಟ್‌ಮಲ್ಲೆ ಮಠದ ಟ್ರಿಪೆಲ್ 1934ರಿಂದ ಇದೆ, ಅದರಲ್ಲಿ ಆಲ್ಕೋಹಾಲ್ ಶೇ. 9.5. ಆದರೂ ಕುಡಿಯಲು ಹಗುರ. ಆ ಡ್ರೈ, ಅಂದರೆ ಸಿಹಿ ಉಳಿಯದ ಗುಣಕ್ಕೆ ಸಕ್ಕರೆಯೂ ಒಂದು ಕಾರಣ.

ಕೇಳಿದ್ದು ಮನಸ್ಸಿಗೆ ಹತ್ತಬೇಕಲ್ಲ, ಅದಕ್ಕೆ ನಾನೇ ನಾಲ್ಕು ನಾಲ್ಕು ಲೀಟರಿನ ಎರಡು ಪಾತ್ರೆ ಇಟ್ಟೆ. ಎರಡರಲ್ಲೂ 1.080, ಎರಡಕ್ಕೂ ಒಂದೇ ಯೀಸ್ಟ್. ಬರೀ ಮಾಲ್ಟ್‌ನದು 1.018ಕ್ಕೆ ನಿಂತಿತು. ಗ್ರಾವಿಟಿಯ ಸುಮಾರು ಶೇ. 18ರಷ್ಟು ಸಕ್ಕರೆಯಿಂದ ಬಂದ ಪಾತ್ರೆಯದು 1.012ಕ್ಕೆ ಇಳಿಯಿತು. ಕುಡಿದು ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು.

ಹಾಗಾದರೆ ಸಕ್ಕರೆ ಇದ್ದೂ ಆ ಗ್ರಾಹಕರ ಮೊದಲ ಬಿಯರ್ ಯಾಕೆ ನಿಂತಿತು? ಇದನ್ನು ನಾನು ಆವತ್ತೇ ಕೇಳಬೇಕಿತ್ತು. ಅವರು ಮಾಲ್ಟನ್ನು 69 ಡಿಗ್ರಿ ನೀರಿನಲ್ಲಿ ನೆನೆಸಿದ್ದರು. ಅಷ್ಟು ಬಿಸಿಯಲ್ಲಿ ಡೆಕ್ಸ್‌ಟ್ರಿನ್ ಜಾಸ್ತಿ ಉಳಿಯುತ್ತದೆ. ಈ ಬಿಯರ್‌ಗೆ 64–65 ಡಿಗ್ರಿ ಸಾಕು, ತೊಂಬತ್ತು ನಿಮಿಷ ಬಿಡಬೇಕು. ಯೀಸ್ಟ್ ಕೂಡ ಒಂದೇ ಪ್ಯಾಕೆಟ್ ಹಾಕಿದ್ದರು. 1.080ರ ರಸಕ್ಕೆ ಅದು ಸಾಲದು. ಇವೆರಡನ್ನೂ ಸರಿಮಾಡದೆ ನಿಂತ ಬಿಯರ್‌ಗೆ ಮೇಲಿಂದ ಸಕ್ಕರೆ ಸುರಿದರೆ ಆಲ್ಕೋಹಾಲ್ ಏರುತ್ತದೆ, ಡೆಕ್ಸ್‌ಟ್ರಿನ್ ಅಲ್ಲೇ ಇರುತ್ತದೆ. ಈಗಲೂ ವಾರಕ್ಕೊಬ್ಬರು ಇದನ್ನೇ ಕೇಳುತ್ತಾರೆ.

ಮೂರನೇ ಸಲ ಅವರ ಜೊತೆ ಕೂತು ನಾನೇ ಲೆಕ್ಕ ಹಾಕಿದೆ. 20 ಲೀಟರಿಗೆ ಒಂದು ಕಿಲೋ ಸಕ್ಕರೆ ಸುಮಾರು 19 ಪಾಯಿಂಟ್ ಕೊಡುತ್ತದೆ (1.080 ಅಂದರೆ 80 ಪಾಯಿಂಟ್). 750 ಗ್ರಾಂನಿಂದ 14 ಬರುತ್ತದೆ, ಉಳಿದ 66 ಮಾಲ್ಟ್‌ನಿಂದ ಬರಬೇಕು. ಬೆಲ್ಜಿಯಂ ಬಿಯರ್‌ಗೆಂದೇ ಮಾರುವ ದುಬಾರಿ ಬಿಳಿ ಕ್ಯಾಂಡಿ ಸಕ್ಕರೆ ಬೇಡ ಅಂದೆ, ಅಡುಗೆಮನೆ ಸಕ್ಕರೆಯೇ ಸಾಕು. ಡುಬ್ಬೆಲ್ ಎಂಬ ಕಂದು ಬಿಯರ್‌ಗೆ ಹಾಕುವ ಕಪ್ಪು ಪಾಕದ ವಿಷಯ ಬೇರೆ, ಅದು ರುಚಿಗೆ.

ಸಕ್ಕರೆಯನ್ನು ಮೊದಲೇ ಹಾಕಲಿಲ್ಲ. ಸುಲಭದ ಊಟ ಮೊದಲು ಸಿಕ್ಕರೆ ಯೀಸ್ಟ್ ಆಮೇಲೆ ಮಾಲ್ಟ್‌ನ ಸಕ್ಕರೆಯಾದ ಮಾಲ್ಟೋಸ್ ಮುಟ್ಟಲು ಸೋಮಾರಿಯಾಗಬಹುದು. ಮೂರನೇ ದಿನ ನೊರೆ ಇಳಿಯಲು ಶುರುವಾದಾಗ, ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಆರಿಸಿ ಹಾಕಿದರು. ಒಣ ಸಕ್ಕರೆ ಸುರಿದರೆ ಗ್ಯಾಸ್ ಒಮ್ಮೆಲೇ ಎದ್ದು ಬಿಯರ್ ನೆಲಕ್ಕೆ ಉಕ್ಕುತ್ತದೆ. 18 ಡಿಗ್ರಿಯಲ್ಲಿ ಶುರು ಮಾಡಿ ನಿಧಾನಕ್ಕೆ 23ಕ್ಕೆ ಏರಿಸಿದರು.

ಹತ್ತನೇ ದಿನ ಫೋನ್ ಮಾಡಿದರು. "1.016 ಇದೆ, ಬಾಟಲಿಗೆ ತುಂಬಲಾ?" ಬೇಡ ಅಂದೆ. ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿದರೆ ಗಾಜು ಒಡೆಯುತ್ತದೆ. ಮೂರು ದಿನ ಒಂದೇ ಅಂಕಿ ಬರುವ ತನಕ ಕಾಯಲು ಹೇಳಿದೆ. ಇನ್ನೂ ಒಂಬತ್ತು ದಿನ ಕಾದರು. 1.011ಕ್ಕೆ ನಿಂತಿತು.