‘ಸಕ್ಸಸ್’ ಎಂದು ಬಂದ ಇಮೇಲ್

ಆ ದಿನ ಬೆಳಿಗ್ಗೆ ಆಫೀಸಿಗೆ ಬಂದು ಮೊದಲು ತೆರೆದದ್ದು ಬ್ಯಾಕಪ್ ಸ್ಕ್ರಿಪ್ಟ್ ಕಳಿಸಿದ್ದ ಇಮೇಲ್. ‘ಸಕ್ಸಸ್’ ಅಂತಿತ್ತು. ರಾತ್ರಿ ಎರಡಕ್ಕೆ ಶುರುವಾಗಿ ಒಂದೂ ದೋಷವಿಲ್ಲದೆ ಮುಗಿದಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ, ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು: ಶೇರ್ಡ್ ಫೋಲ್ಡರಿನಲ್ಲಿ ಒಂದು ಫೈಲೂ ಕಾಣ್ತಿಲ್ಲ.

ನಾನು ಅಲ್ಲಿ ಸಿಸ್ಟಮ್ ಅಡ್ಮಿನ್ ಆಗಿ ಎರಡು ವರ್ಷವಾಗಿತ್ತು. ಫೈಲ್ ಸರ್ವರಿನಲ್ಲಿ ಎರಡು ಡಿಸ್ಕುಗಳ ಮಿರರ್ ಇತ್ತು. ಪಕ್ಕದಲ್ಲಿ ಇನ್ನೊಂದು ಹಳೆಯ ಮಷೀನ್; ದಿನಾ ರಾತ್ರಿ ಆರ್‌ಸಿಂಕ್ ಎಂಬ ಪ್ರೋಗ್ರಾಂ ಓಡಿ ಎಲ್ಲವನ್ನೂ ಅದಕ್ಕೆ ನಕಲು ಮಾಡುತ್ತಿತ್ತು. ಸರ್ವರಿನಲ್ಲಿ ಅಳಿಸಿದ್ದು ನಕಲಿನಲ್ಲೂ ಅಳಿಯಲಿ, ಜಾಗ ಉಳಿಯಲಿ ಎಂದು ‘ಡಿಲೀಟ್’ ಆಪ್ಷನ್ ಹಾಕಿದ್ದೆ. ಆ ಸ್ಕ್ರಿಪ್ಟ್ ಬರೆದದ್ದು ನಾನೇ.

ಹಿಂದಿನ ದಿನ ಸಂಜೆ ಕರೆಂಟ್ ಹೋಗಿ ಸರ್ವರ್ ರೀಬೂಟ್ ಆಗಿತ್ತು. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕವಿಡುವ ಫೈಲ್‌ಸಿಸ್ಟಮ್ ಹಾಳಾಗಿದ್ದರಿಂದ ಡೇಟಾ ವಾಲ್ಯೂಮ್ ಮೌಂಟ್ ಆಗಿರಲಿಲ್ಲ, ಅಂದರೆ ಫೈಲ್‌ಗಳಿದ್ದ ಭಾಗ ಸರ್ವರಿಗೆ ಜೋಡಣೆಯಾಗಿರಲಿಲ್ಲ. ಮೌಂಟ್ ಆಗದಿದ್ದರೂ ಆ ಹೆಸರಿನ ಫೋಲ್ಡರ್ ಇದ್ದೇ ಇರುತ್ತದೆ, ಒಳಗೇನೂ ಇಲ್ಲದೆ. ರಾತ್ರಿ ಎರಡಕ್ಕೆ ಆರ್‌ಸಿಂಕ್ ಬಂದು ನೋಡಿತು: ಮೂಲ ಖಾಲಿ. ಹಾಗಾದರೆ ನಕಲೂ ಖಾಲಿಯಾಗಬೇಕು. ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡಿ ಮುಗಿಸಿತು. ಖಾಲಿ ಫೋಲ್ಡರ್ ಅದರ ಲೆಕ್ಕದಲ್ಲಿ ದೋಷವೇ ಅಲ್ಲ, ಆದ್ದರಿಂದಲೇ ‘ಸಕ್ಸಸ್’.

ಇತ್ತ ಮಿರರಿನ ಎರಡೂ ಡಿಸ್ಕ್‌ಗಳು ಸರಿಯಾಗಿಯೇ ಇದ್ದವು. ಆದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವುದು ತಾನೆ ಮಿರರ್? ಹಾಳಾದ ಫೈಲ್‌ಸಿಸ್ಟಮ್ ಕೂಡ ಎರಡರಲ್ಲೂ ಒಂದೇ ಥರ ಇತ್ತು. ಕೊನೆಗೆ ಕೈಗೆ ಬಂದದ್ದು ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಪೋರ್ಟಬಲ್ ಡಿಸ್ಕ್. ಯಾರೋ ಬೇರೆ ಕೆಲಸಕ್ಕೆಂದು 19 ದಿನ ಹಿಂದೆ ಮಾಡಿಟ್ಟಿದ್ದ ನಕಲು. ಆ 19 ದಿನಗಳ ನಮೂದುಗಳನ್ನು ಇಬ್ಬರು ಸಹೋದ್ಯೋಗಿಗಳು ಕಾಗದದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮತ್ತೆ ಟೈಪ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಇಬ್ಬರೂ ನನಗೆ ಒಂದು ಮಾತು ಅನ್ನಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ನಮ್ಮ ಮೇಲಧಿಕಾರಿ ಮೇಡಂ ವಾರದ ಮೇಲೆ ಕರೆದು ಹೇಳಿದ್ದು ಇಷ್ಟೇ: “ಇನ್ಮೇಲೆ ಬ್ಯಾಕಪ್ ಆಯ್ತು ಅಂತ ನನಗೆ ಹೇಳ್ಬೇಡಿ. ನಕಲಿಂದ ಫೈಲ್ ವಾಪಸ್ ತಂದು, ರೀಸ್ಟೋರ್ ಮಾಡಿ ತೋರ್ಸಿ. ನೀವಲ್ಲ, ಅದನ್ನ ಸೆಟಪ್ ಮಾಡದೇ ಇರೋರು ಮಾಡಿ ತೋರಿಸ್ಲಿ.” ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ಬೇರೊಬ್ಬರ ಕೈಯಲ್ಲಿ ರೀಸ್ಟೋರ್ ಮಾಡಿಸುವುದು ನಮ್ಮ ಕೆಲಸದ ಭಾಗವೇ ಆಯಿತು.

ಕೆಲವು ವರ್ಷಗಳ ಮೇಲೆ ಮನೆಯಲ್ಲಿ ಸ್ಟೋರೇಜ್ ಸರ್ವರ್ ಕಟ್ಟಲು ಕೂತಾಗ ಈ ಮಾತು ಕಿವಿಯಲ್ಲೇ ಇತ್ತು. ಅಪ್ಪ ಅಮ್ಮನ ಹಳೆಯ ಫೋಟೋಗಳ ಸ್ಕ್ಯಾನ್, ಮನೆಯ ಕಾಗದಪತ್ರ, ಮಕ್ಕಳ ವಿಡಿಯೊ, ಎಲ್ಲ ಸೇರಿ ಸುಮಾರು 2 ಟಿಬಿ. ಆಫೀಸಿನ ನಮೂದನ್ನು ಬಿಲ್ ನೋಡಿ ಮತ್ತೆ ಟೈಪ್ ಮಾಡಬಹುದಿತ್ತು. ಅಜ್ಜಿಯ ದನಿಯಿರುವ ಒಂದು ರೆಕಾರ್ಡಿಂಗನ್ನು ಯಾವ ಬಿಲ್ ನೋಡಿ ಮತ್ತೆ ಮಾಡುವುದು?

ಯಂತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಜನ ಅತಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಅದಕ್ಕೇ ಆದರೂ. ಬಳಸದೆ ಇಟ್ಟಿದ್ದ ಡೆಸ್ಕ್‌ಟಾಪ್, 8 ಜಿಬಿ ಮೆಮೊರಿ, 4 ಟಿಬಿಯ ಎರಡು ಡಿಸ್ಕ್. ಕಂಪನಿಗಳು 4 ಟಿಬಿ ಅನ್ನುವುದು ನಾಲ್ಕು ಲಕ್ಷ ಕೋಟಿ ಬೈಟ್‌ಗಳಿಗೆ. 1024ರ ಲೆಕ್ಕದಲ್ಲಿ ಎಣಿಸುವ ಕಂಪ್ಯೂಟರ್ ಅದನ್ನೇ 3.64 ಎಂದು ತೋರಿಸುತ್ತದೆ, ಗಾಬರಿ ಬೇಡ. ಡಿಸ್ಕ್ ಕೊಳ್ಳುವಾಗ ನೋಡಲೇಬೇಕಾದದ್ದು ಅದು ಎಸ್‌ಎಂಆರ್ ಬಗೆಯದೋ ಸಿಎಂಆರ್ ಬಗೆಯದೋ ಎಂಬುದು. ಎಸ್‌ಎಂಆರ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು ಹಂಚಿನ ಮಾಡಿನಂತೆ ಒಂದರ ಮೇಲೊಂದು ಹಾಸಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕ್ ಸತ್ತು ಹೊಸದಕ್ಕೆ ಎಲ್ಲವನ್ನೂ ತುಂಬಿಸುವ ಹೊತ್ತಿನಲ್ಲಿ ಅದು ಆಮೆಗತಿಗೆ ಇಳಿಯುತ್ತದೆ. ಹಾಗಾಗಿ ಟ್ರ್ಯಾಕುಗಳು ಹೀಗೆ ಒಂದರ ಮೇಲೊಂದು ಬರದ ಸಿಎಂಆರ್ ತೆಗೆದುಕೊಂಡೆ, ಎರಡನ್ನೂ ಬೇರೆ ಬೇರೆ ಸಮಯದಲ್ಲಿ ಕೊಂಡೆ. ಒಂದೇ ಬ್ಯಾಚಿನವು ಒಟ್ಟಿಗೆ ಕೈಕೊಟ್ಟದ್ದನ್ನು ಕೆಲಸದಲ್ಲಿ ನೋಡಿದ್ದೇನೆ. ಕರೆಂಟ್ ಹೋದರೆ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗಲಿ ಎಂದು ಯುಪಿಎಸ್‌ನಿಂದ ಯುಎಸ್‌ಬಿ ಕೇಬಲ್ ಎಳೆದಿದ್ದೇನೆ. ಹಲವರು ಯುಪಿಎಸ್ ತಂದರೂ ಈ ಕೇಬಲ್ ಹಾಕುವುದಿಲ್ಲ. ಆಗ ಬ್ಯಾಟರಿ ಮುಗಿದ ಕೂಡಲೇ ಸರ್ವರ್ ಹೇಗಿದ್ದರೂ ಬೀಳುತ್ತದೆ, ಸ್ವಲ್ಪ ತಡವಾಗಿ ಅಷ್ಟೆ.

ಕಂಪ್ಯೂಟರನ್ನು ಸ್ಟೋರೇಜ್ ಸರ್ವರ್ ಆಗಿಸುವ ಸಾಫ್ಟ್‌ವೇರ್ ಟ್ರೂನ್ಯಾಸ್, ಮೊದಲು ಫ್ರೀನ್ಯಾಸ್ ಅಂತಿದ್ದದ್ದು. ಅದನ್ನು ಆರಿಸಿದ್ದು ಝಡ್‌ಎಫ್‌ಎಸ್‌ಗಾಗಿ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ, 2005ರಲ್ಲಿ ಓಪನ್‌ಸೋಲಾರಿಸ್ ಮೂಲಕ ಎಲ್ಲರ ಕೈಗೆ ಬಂದ ಈ ಫೈಲ್‌ಸಿಸ್ಟಮ್ ಡೇಟಾದ ಪ್ರತಿ ಬ್ಲಾಕಿಗೂ, ಅಂದರೆ ತುಣುಕಿಗೂ, ಚೆಕ್‌ಸಮ್ ಎಂಬ ತಾಳೆ ನೋಡುವ ಸಂಖ್ಯೆಯೊಂದನ್ನು ಬರೆದಿಡುತ್ತದೆ. ಡಿಸ್ಕ್ ಸದ್ದಿಲ್ಲದೆ ತಪ್ಪು ಬಿಟ್ ಕೊಟ್ಟರೆ ಚೆಕ್‌ಸಮ್ ತಾಳೆಯಾಗುವುದಿಲ್ಲ. ಆಗ ಮಿರರಿನ ಇನ್ನೊಂದು ಡಿಸ್ಕಿನಿಂದ ಸರಿಯಾದದ್ದನ್ನು ತಂದು ತಿದ್ದುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ ಎಂಬ ತಪಾಸಣೆ ಓಡಿಸಿದರೆ ಯಾರೂ ತೆರೆಯದ ಹಳೆಯ ಫೋಟೋಗಳನ್ನೂ ಹೀಗೆ ಓದಿ ನೋಡುತ್ತದೆ. ಜೊತೆಗೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 5, 197, 198 ಸಂಖ್ಯೆಯ ಸಾಲುಗಳ ಮೇಲೆ ಕಣ್ಣಿಟ್ಟಿರಿ. ಕೆಟ್ಟ ಸೆಕ್ಟರ್‌ಗಳ ಲೆಕ್ಕ ಅಲ್ಲಿರುತ್ತದೆ. ಸೊನ್ನೆಯಿದ್ದದ್ದು ಏರತೊಡಗಿದರೆ ಹೊಸ ಡಿಸ್ಕ್ ತರಿಸಿಕೊಳ್ಳುವ ಹೊತ್ತಾಯಿತು.

ಇನ್ನು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಫೈಲ್‌ಗಳು ಹೇಗಿದ್ದವೋ ಹಾಗೇ ಹಿಡಿದಿಡುವ ಸೌಲಭ್ಯ. ಮೊದಲ ವಾರದಲ್ಲೇ ಇದನ್ನು ಆನ್ ಮಾಡಿ. ಗಂಟೆಗೊಂದು, ದಿನಕ್ಕೊಂದು, ತಿಂಗಳಿಗೊಂದು ಎಂದು ಇಟ್ಟುಕೊಂಡರೂ ಬದಲಾದ ಭಾಗಕ್ಕಷ್ಟೇ ಜಾಗ ಹೋಗುತ್ತದೆ. ಮಗ ಒಮ್ಮೆ ಲ್ಯಾಪ್‌ಟಾಪಿನಿಂದ ಒಂದಿಡೀ ಫೋಲ್ಡರ್ ಅಳಿಸಿಬಿಟ್ಟ. ಹಿಂದಿನ ಗಂಟೆಯ ಸ್ನ್ಯಾಪ್‌ಶಾಟಿನಿಂದ ಎರಡು ನಿಮಿಷದಲ್ಲಿ ವಾಪಸ್ ಬಂತು. ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಬಂದು ಶೇರಿನಲ್ಲಿದ್ದದ್ದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿದರೂ ಸ್ನ್ಯಾಪ್‌ಶಾಟನ್ನು ಮುಟ್ಟಲಾಗದು, ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಆಗಿರದಿದ್ದರೆ. 2017ರಲ್ಲಿ ವಾನಾಕ್ರೈ ಎಂಬ ಅಂಥದೇ ಕುತಂತ್ರಾಂಶ ಹರಡಿದ್ದು, ವಿಂಡೋಸ್ ಫೈಲ್ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿಯ ಹಳೆಯ ಒಂದನೇ ಆವೃತ್ತಿಯಲ್ಲಿದ್ದ ಲೋಪದಿಂದ. ಆ ಆವೃತ್ತಿಯನ್ನು ಆಫ್ ಮಾಡಿಯೇ ಇಡಿ. ರೌಟರಿನಲ್ಲಿ ಪೋರ್ಟ್ ತೆರೆದು ಸರ್ವರನ್ನು ನೇರ ಇಂಟರ್‌ನೆಟ್ಟಿಗೆ ಒಡ್ಡುವುದಂತೂ ಬೇಡವೇ ಬೇಡ. ಹೊರಗಿನಿಂದ ಬೇಕಾದರೆ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಎನ್‌ಕ್ರಿಪ್ಟ್ ಮಾಡಿದ ಖಾಸಗಿ ದಾರಿ, ಸಾಕು.

ಇಷ್ಟಾದರೂ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದೆ. ಬೆಂಕಿಗೆ, ಕಳ್ಳನಿಗೆ, ಸಿಡಿಲಿಗೆ ಮಿರರ್ ಗೊತ್ತಿಲ್ಲ, ಸ್ನ್ಯಾಪ್‌ಶಾಟೂ ಗೊತ್ತಿಲ್ಲ. ಆದ್ದರಿಂದ ಎರಡು ಪೋರ್ಟಬಲ್ ಡಿಸ್ಕ್ ಇಟ್ಟುಕೊಂಡಿದ್ದೇನೆ. ಒಂದು ಮನೆಯಲ್ಲಿ, ಕೇಬಲ್ ಕಿತ್ತು. ಇನ್ನೊಂದು ತಂಗಿಯ ಮನೆಯಲ್ಲಿ. ತಿಂಗಳಿಗೊಮ್ಮೆ ಅದಲುಬದಲು. ಇವಕ್ಕೆ ಬೇಕೆಂದೇ ಝಡ್‌ಎಫ್‌ಎಸ್ ಹಾಕಿಲ್ಲ. ಎನ್‌ಕ್ರಿಪ್ಟ್ ಮಾಡಿದ ಮಾಮೂಲಿ ಲಿನಕ್ಸ್ ಡಿಸ್ಕ್, ಒಳಗೆ ಮಾಮೂಲಿ ಫೈಲ್‌ಗಳು. ನನ್ನ ಸರ್ವರ್ ಇಲ್ಲದ ದಿನ ಯಾವ ಲಿನಕ್ಸ್ ಕಂಪ್ಯೂಟರಿನಲ್ಲಾದರೂ ತೆರೆಯಬೇಕು.

ನಕಲು ಮಾಡುವುದು ಈಗಲೂ ಆರ್‌ಸಿಂಕೇ. 1996ರಿಂದ ಇರುವ ಅದರ ಮೇಲೆ ನನಗೆ ಸಿಟ್ಟಿಲ್ಲ, ತಪ್ಪು ಅದರದಲ್ಲ. ಆದರೆ ‘ಡಿಲೀಟ್’ ತೆಗೆದು ‘ಲಿಂಕ್-ಡೆಸ್ಟ್’ ಹಾಕಿದ್ದೇನೆ. ಪ್ರತಿ ಸಲವೂ ಆ ದಿನದ ತಾರೀಖಿನ ಹೊಸ ಫೋಲ್ಡರ್ ಆಗುತ್ತದೆ. ಬದಲಾಗದ ಫೈಲ್‌ಗಳಿಗೆ ಹಾರ್ಡ್ ಲಿಂಕ್ ಮಾತ್ರ, ಅಂದರೆ ಹಳೆಯ ಫೈಲಿಗೇ ಇನ್ನೊಂದು ಹೆಸರು, ಮತ್ತೆ ಜಾಗ ತಿನ್ನುವುದಿಲ್ಲ. ಮೂಲ ಎಂದಾದರೂ ಖಾಲಿಯಾಗಿ ಕಂಡರೆ ಒಂದು ಖಾಲಿ ಫೋಲ್ಡರ್ ಹುಟ್ಟುತ್ತದೆ, ಹಳೆಯವು ಹಾಗೇ ಇರುತ್ತವೆ. ಅದಕ್ಕೂ ಮೊದಲು ಸ್ಕ್ರಿಪ್ಟ್ ಶೇರಿನೊಳಗೆ ನಾನಿಟ್ಟ ಒಂದು ಗುರುತಿನ ಫೈಲ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಎರಡು ಸಾಲಿನ ಕೋಡ್. ಆ 19 ದಿನಗಳ ಮೊದಲು ಈ ಎರಡು ಸಾಲು ಬರೆದಿದ್ದರೆ ಎಂದು ಪ್ರತಿ ಸಲ ಅನ್ನಿಸುತ್ತದೆ. ಮೊದಲ ಸಲ 2 ಟಿಬಿ ನಕಲಾಗಲು ಗಿಗಾಬಿಟ್ ಕೇಬಲಿನಲ್ಲೂ ಐದು ಗಂಟೆಗೆ ಮೇಲೆ ಹಿಡಿಯಿತು. ವೈಫೈ ಮೇಲೆ ಶುರು ಮಾಡಬೇಡಿ.

ಇಷ್ಟೆಲ್ಲ ಆದ ಮೇಲೆ ಮೇಡಂ ಹೇಳಿದ ಪರೀಕ್ಷೆ. ತಂಗಿಗೆ ಡಿಸ್ಕ್, ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್, ಒಂದು ಹಾಳೆ ಕೊಟ್ಟೆ. ಅವಳು ಕಂಪ್ಯೂಟರ್ ಕ್ಷೇತ್ರದವಳಲ್ಲ. ಹಾಳೆಯಲ್ಲಿ ಬರೆದ ಪ್ರಕಾರ ಮಾಡು, ಅಜ್ಜಿಯ ರೆಕಾರ್ಡಿಂಗ್ ತೆಗೆದು ಕೇಳಿಸು, ನಾನು ಏನೂ ಹೇಳಿಕೊಡುವುದಿಲ್ಲ ಎಂದೆ. ಲ್ಯಾಪ್‌ಟಾಪ್ ಬೂಟ್ ಮಾಡಿದಳು, ಡಿಸ್ಕ್ ಚುಚ್ಚಿದಳು, ಅಲ್ಲಿಗೆ ನಿಂತಳು.

“ಅಣ್ಣಾ, ಇದು ಪಾಸ್‌ವರ್ಡ್ ಕೇಳ್ತಿದೆ. ಹಾಳೇಲಿ ‘ಪಾಸ್‌ವರ್ಡ್ ಫೈಲಿನಲ್ಲಿದೆ’ ಅಂತ ಬರ್ದಿದೀಯ. ಆ ಫೈಲ್ ಎಲ್ಲಿದೆ?”

ಆ ಫೈಲ್ ಇದ್ದದ್ದು ಮನೆಯ ಸರ್ವರಿನಲ್ಲಿ. ಅದರ ನಕಲು ಇದ್ದದ್ದು ಅವಳು ತೆರೆಯಲಾಗದೆ ಕೈಯಲ್ಲಿ ಹಿಡಿದಿದ್ದ ಆ ಡಿಸ್ಕಿನೊಳಗೇ. ಸರ್ವರ್ ಹೋದ ದಿನ ಬೀಗದ ಕೈಯೂ ಅದರ ಜೊತೆಗೇ ಹೋಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಪಾಸ್‌ವರ್ಡ್ ಸೇವ್ ಆಗಿದ್ದರಿಂದ ಅಷ್ಟು ತಿಂಗಳು ಡಿಸ್ಕ್ ತಾನಾಗಿ ತೆರೆದುಕೊಳ್ಳುತ್ತಿತ್ತು, ನನಗೆ ಅದು ಹೊಳೆಯಲೇ ಇಲ್ಲ. ನಾನೇ ಪರೀಕ್ಷೆ ಮಾಡಿದ್ದರೆ ಎಂದೂ ಹೊಳೆಯುತ್ತಿರಲಿಲ್ಲ.

ಈಗ ಪಾಸ್‌ವರ್ಡ್ ಕಾಗದದ ಮೇಲಿದೆ, ಮುಚ್ಚಿದ ಲಕೋಟೆಯಲ್ಲಿ. ಒಂದು ಪ್ರತಿ ಮನೆಯ ಕಾಗದಪತ್ರಗಳ ಜೊತೆ, ಇನ್ನೊಂದು ತಂಗಿಯ ಬೀರುವಿನಲ್ಲಿ, ಡಿಸ್ಕಿಗಿಂತ ಬೇರೆ ಜಾಗದಲ್ಲಿ. ಎರಡನೇ ಸಲ ಅವಳು ನಲವತ್ತು ನಿಮಿಷದಲ್ಲಿ ಮುಗಿಸಿದಳು. ಅಜ್ಜಿಯ ದನಿ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಿಂದ ಬಂತು, ಇಬ್ಬರೂ ಕೊನೆಯವರೆಗೆ ಕೇಳಿದೆವು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೂರನೇ ಸಾಲಿನಲ್ಲಿದ್ದ ‘ಮೌಂಟ್ ಮಾಡಿ’ ಎಂಬುದನ್ನು ಹೊಡೆದುಹಾಕಿ, ‘ಡಿಸ್ಕಿನ ಚಿತ್ರದ ಮೇಲೆ ಎರಡು ಸಲ ಒತ್ತಿ’ ಎಂದು ಬರೆದಳು.